ಎಂಜಿನ್ ಏಳದ ಬೆಳಿಗ್ಗೆ

ಚಂಪಿಯ ಒಂದು ಜಡೆ ಮುಗಿದಿತ್ತು. ಇನ್ನೊಂದು ಕಡೆಯ ಕೂದಲನ್ನು ಮೂರೆಳೆ ಮಾಡಿ, ರಿಬ್ಬನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಬೋರಲಿಂಗಯ್ಯನವರು ಏದುಸಿರು ಬಿಡುತ್ತ ನಿಂತರು. ಕೇಳುಮನೆಯ ಮುಂಗಟ್ಟೆಯಲ್ಲಿ ಕೂತು ಜನರನ್ನು ಸಾಲಾಗಿ ಒಳಗೆ ಬಿಡುವ ಕೆಲಸ ಅವರದು. ಎಂದೂ ಅವಸರ ಮಾಡಿದ ಮನುಷ್ಯ ಅಲ್ಲ. ಅವತ್ತು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದು ಕಾಲಿಗೆ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು.

"ಎಂಜಿನ್ ಏಳ್ತಾ ಇಲ್ಲ ಕಣಮ್ಮ ದಾಕ್ಷಾಯಿಣಿ. ಮೇಲಿಂದ ಮೇಲೆ ಎಬ್ಬಿಸಿದೆ. ಎದ್ದ ಹಾಗೆ ಮಾಡುತ್ತೆ, ಧೊಪ್ಪಂತ ಬೀಳುತ್ತೆ."

ನಾನು ರಿಬ್ಬನ್ನನ್ನು ಬಾಯಿಂದ ತೆಗೆದೆ. "ಒಳಗೆ ಬನ್ನಿ. ಕಾಫಿ ಆಗಿದ್ಯೋ ಇಲ್ವೋ, ನಂಗೊತ್ತಿಲ್ಲ."

"ಆಗಿಲ್ಲ. ಆಗೋದೂ ಬೇಡ. ಅರ್ಧ ಊರು ಬಾಗಿಲಲ್ಲಿ ನಿಂತಿದೆ. ಮೈ ಹುಷಾರಿಲ್ಲದವಳನ್ನ ಕರೀಬಾರದು ಅಂತ ಬಾಯಿ ಬಿಗಿ ಹಿಡ್ಕೊಂಡೇ ಬಂದೆ. ಬಂದ್ಮೇಲೆ ಬಾಯಿ ಕೇಳಲಿಲ್ಲ."

ನಮ್ಮೂರಿನಲ್ಲಿ ಮಾತಾಡುವುದೇ ಹೀಗೆ. ಬಾಯಿಬಿಟ್ಟು ಯಾರನ್ನೂ ಏನನ್ನೂ ಕೇಳುವುದಿಲ್ಲ. ಗೊತ್ತಿಲ್ಲ ಎಂದು ಹೇಳಿ ಸುಮ್ಮನಾಗುತ್ತೇವೆ. ಎದುರಿನವರಿಗೆ ಮನಸ್ಸಿದ್ದರೆ ತಿಳಿಸುತ್ತಾರೆ. ಬಾಯಿಬಿಟ್ಟು ಕೇಳಿದರೆ ಆ ಪ್ರಶ್ನೆ ಕೇಳಿದ ಜಾಗದಲ್ಲೇ, ಕೇಳಿದವರ ಬಾಯಿಯ ಎತ್ತರದಲ್ಲೇ ನಿಂತುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮುಟ್ಟಿದರೆ ತಣ್ಣಗಿರುತ್ತದೆ, ಗಟ್ಟಿಯಾಗಿರುತ್ತದೆ, ಹೆಚ್ಚುಕಡಿಮೆ ಒಂದು ಸೋರೆಬುರುಡೆಯ ಗಾತ್ರ. ನಿಜವಾದ ಉತ್ತರ ಸಿಕ್ಕಿದರೆ ಸಣ್ಣಗೆ ಗಾಳಿ ಬೀಸಿದಂತಾಗಿ ಕರಗಿಹೋಗುತ್ತದೆ. ಸುಳ್ಳು ಹೇಳಿ ನೋಡಿದವರಿದ್ದಾರೆ. ಅದು ಅಲುಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಪರವೂರಿನವರು ಬಸ್ಸು ಯಾವಾಗ ಬರುತ್ತದೆಂದು ಕೇಳಿ ಹೋದದ್ದು ಇಂದಿಗೂ ಇದೆ. ಜನ ಅದಕ್ಕೆ ಕೈಚೀಲ ತಗುಲಿಸಿ ಬೀಡಿ ಹಚ್ಚುತ್ತಾರೆ. ನಮ್ಮ ಅಡುಗೆಮನೆಯಲ್ಲೂ ಒಂದಿದೆ, ನಾವು ಈ ಮನೆಗೆ ಬರುವ ಮೊದಲಿನದು. ಯಾವ ಹೆಂಗಸು ಒಲೆಯ ಮುಂದೆ ನಿಂತು ಯಾರನ್ನು ಏನು ಕೇಳಿದ್ದಳೋ. ನಾನು ಅದರ ಮೇಲೆ ಮಸಿಬಟ್ಟೆ ಹಾಕುತ್ತೇನೆ.

ಮಾತು ಕಲಿಯುವ ಮಕ್ಕಳಿರುವ ಮನೆಯಲ್ಲಂತೂ ಅಂಗಳದ ತುಂಬ ಇವೇ. ಮಕ್ಕಳು ಕೇಳಿದವು ಕೆಳಗಿರುತ್ತವೆ, ದೊಡ್ಡವರ ಹೊಟ್ಟೆಗೆ ತಾಗುತ್ತವೆ. ಸಂಜೆ ಕಸ ಗುಡಿಸುವ ಮೊದಲು ತಾಯಂದಿರು ಒಂದೊಂದರ ಮುಂದೆಯೂ ಕೂತು ಉತ್ತರ ಹೇಳಿ ಇಳಿಸುವುದು ಇಲ್ಲಿ ಮನೆಗೆಲಸದಲ್ಲೇ ಸೇರಿದೆ. ಚಂದ್ರ ನಮ್ಮ ಹಿಂದೆಯೇ ಯಾಕೆ ಬರುತ್ತಾನೆಂದು ಚಂಪಿ ಕೇಳಿದ್ದನ್ನು ಇಳಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ನನಗೆ ಗೊತ್ತಿದ್ದ ಉತ್ತರವೆಲ್ಲ ಹೇಳಿದೆ, ಅಲುಗಲಿಲ್ಲ. ಕೊನೆಗೆ, "ಅವನು ಬರಲ್ಲ ಮಗಳೇ, ನಮಗೆ ಹಾಗೆ ಕಾಣುತ್ತೆ ಅಷ್ಟೆ," ಅಂದಾಗ ಇಳಿಯಿತು. ಅವಳಿಗೆ ತುಂಬ ಬೇಜಾರಾಯಿತು. ಶಾಲೆಗೆ ಸೇರುವ ಹೊತ್ತಿಗೆ ಮಕ್ಕಳು ಕೇಳುವುದನ್ನು ನುಂಗಿಕೊಳ್ಳಲು ಕಲಿತಿರುತ್ತಾರೆ.

ಕೇಳಲೇಬೇಕಾದದ್ದನ್ನು ಕೇಳುವುದಕ್ಕೆ ಕೇಳುಮನೆ ಇದೆ. ಅಲ್ಲಿ ಒಂದು ಕಂಪ್ಯೂಟರು, ಅದರಲ್ಲಿ ಜಾವಾ ಎಂಬ ತಂತ್ರಾಂಶ, ಜಾವಾದ ಮೇಲೆ ಓಡುವ ಸರ್ವ್‌ಲೆಟ್ ಎಂಜಿನ್, ನಮ್ಮ ಬಾಯಲ್ಲಿ ಬರೀ ಎಂಜಿನ್. ಮನೆಮನೆಯಲ್ಲೂ ಒಂದು ಪುಟ್ಟ ಪರದೆ ಇದೆ, ಮನೆಯವರ ಮುಂದೆ ಕೇಳಲಾಗದವರಿಗೆ ಕೇಳುಮನೆಯಲ್ಲೂ ಕೆಲವಿವೆ. ಯಾರಿಗೆ ಎಂದು ಹೆಸರು ಬರೆದು ಪ್ರಶ್ನೆ ಟೈಪು ಮಾಡಿದರೆ ಎಂಜಿನ್ ಅದನ್ನು ಒಯ್ದು ಅವರಿಗೆ ಮುಟ್ಟಿಸಿ, ಅವರ ಉತ್ತರವನ್ನು ತಂದುಕೊಡುತ್ತದೆ. ಹಾಗೆ ಕೇಳಿದ್ದು ಎಲ್ಲೂ ನಿಲ್ಲುವುದಿಲ್ಲ, ಯಾರ ಹಣೆಗೂ ಬಡಿಯುವುದಿಲ್ಲ. ಉತ್ತರ ಸುಳ್ಳಾದರೂ ನಡೆಯುತ್ತದೆ. ಎಂಜಿನ್ನಿಗೆ ಅದರ ಗೊಡವೆ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಅದನ್ನು ಮಲಗಿಸಿ, ಬೆಳಿಗ್ಗೆ ಎಬ್ಬಿಸುತ್ತೇವೆ. ರಾತ್ರಿ ಯಾರೂ ಯಾರನ್ನೂ ಕೇಳಕೂಡದೆಂಬುದು ಹಿಂದಿನಿಂದ ಬಂದದ್ದು. ಎಂಜಿನ್ ನೋಡಿಕೊಳ್ಳುವವಳು ನಾನು. ಆ ದಿನಗಳಲ್ಲಿ ಮಾತ್ರ ರಜೆಯ ಮೇಲೆ ಮನೆಯಲ್ಲಿದ್ದೆ.

ರಜೆ ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ. ಹೊಟ್ಟೆ ಹೊತ್ತುಕೊಂಡು ಆಸ್ಪತ್ರೆಗೆ ಹೋದವಳು ಕೈಚೀಲ ಹಿಡಿದುಕೊಂಡು ಬಂದೆ. ಆ ರಾತ್ರಿಯೆಲ್ಲ ನರ್ಸ್ ಸಾವಂತ್ರಮ್ಮ ನನ್ನ ಪಾದ ಹಿಡಿದುಕೊಂಡು ಕೂತಿದ್ದರು. "ಇದು ಯಾರು ಏನು ಮಾಡಿದ್ದರಿಂದಲೂ ಆಗಿದ್ದಲ್ಲ ಕಣವ್ವ. ಕೂಸೇ ಗಟ್ಟಿ ಇರಲಿಲ್ಲ. ನೀನು ಹಾಸಿಗೆ ಬಿಟ್ಟು ಏಳದೇ ಇದ್ದಿದ್ರೂ ಆಗ್ತಿತ್ತು," ಎಂದು ಅವರಾಗಿಯೇ ಹೇಳಿದರು. ಅದೊಂದು ಮಾತು ಬಿಟ್ಟರೆ ಆ ಬಗ್ಗೆ ನನ್ನ ಮುಂದೆ ಯಾರೂ ತುಟಿ ಬಿಚ್ಚಲಿಲ್ಲ. ನೆಂಟರು ಬಂದು ಕೂತು, ಹಣ್ಣು ಇಟ್ಟು, ಮಳೆಯ ಸುದ್ದಿ ಹೇಳಿ ಹೋದರು. ನನ್ನ ಗಂಡ ಮಾದೇಶ ತೊಟ್ಟಿಲನ್ನು ಅಟ್ಟಕ್ಕೆ ಸೇರಿಸಿ, ಚಂಪಿಯನ್ನು ಪಕ್ಕಕ್ಕೆ ಕರೆದು, "ಅಮ್ಮನ್ನ ಏನೂ ಕೇಳಬಾರದು. ಪರದೆಯಲ್ಲೂ ಕೇಳಬಾರದು, ತಿಳೀತು ಅಂತ ಇಟ್ಕೊಂಡಿದೀನಿ," ಅಂದ. ನನ್ನ ಮೇಲಿನ ಅಕ್ಕರೆಯಿಂದಲೇ ಅಂದದ್ದು. ಬಾಗಿಲ ಹಿಂದೆ ಮಲಗಿದ್ದ ನನಗೂ ಆಗ ಅದೇ ಸರಿ ಅನ್ನಿಸಿತ್ತು.

ಆದರೆ ಚಂಪಿ ಬೇರೆಯಾಗತೊಡಗಿದಳು. ಅವಳಿಗೆ ಏಳು ತುಂಬಿದೆ. ನಾನು ಎತ್ತಿಕೊಂಡರೆ ಕಾಲು ನನ್ನ ಮಂಡಿಗೆ ಬಡಿಯುತ್ತದೆ. ಆದರೂ ಸಂಜೆಯಾದರೆ "ಎತ್ಕೊ" ಎಂದು ಸೆರಗು ಜಗ್ಗುವುದು ಬಿಟ್ಟಿರಲಿಲ್ಲ. ನಾನು ಬಸುರಿಯಾಗಿದ್ದಾಗಲೂ ಪೇಟೆಯಿಂದ ಬರುವಾಗ ಒಮ್ಮೆ ಹಟ ಹಿಡಿದು ಮನೆಯವರೆಗೆ ಎತ್ತಿಸಿಕೊಂಡಿದ್ದಳು. ಅದೇ ಕೊನೆ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನವೂ "ಎತ್ಕೊ" ಅನ್ನಲಿಲ್ಲ. ನಾನು ಕೊಡ ಎತ್ತಲು ಹೋದರೆ ಎಲ್ಲಿಂದಲೋ ಓಡಿಬಂದು ತಾನೇ ಹಿಡಿಯುತ್ತಿದ್ದಳು. ಅರ್ಧ ನೀರು ಪಾವಡೆಗೆ, ಅರ್ಧ ನೆಲಕ್ಕೆ. ನಾನು ಕೈ ಚಾಚಿದರೆ ಪೊರಕೆ ತೆಗೆದುಕೊಂಡು ಗುಡಿಸಲು ಶುರು ಮಾಡುತ್ತಿದ್ದಳು. "ದೊಡ್ಡವಳಾಗ್ತಿದಾಳೆ ಬಿಡು," ಅಂದ ಮಾದೇಶ. ನಾನು ಅರ್ಧ ನಂಬಿದೆ. ಇನ್ನರ್ಧ, ರಾತ್ರಿ ಅವಳಿಗೆ ಹೊದಿಸುವಾಗ ಎದೆಯಲ್ಲಿ ಕಡಿಯುತ್ತಿತ್ತು. ಒಂದು ಮಗು ಹೋಗಿತ್ತು. ಇನ್ನೊಂದು ನನ್ನ ಕಣ್ಣೆದುರಿಗೇ ಹೀಗೆ ಒಂದೊಂದೇ ಗೇಣು ಸರಿದುಹೋಗುತ್ತಿತ್ತು. ಹೇಗೆ ಹಿಡಿದು ನಿಲ್ಲಿಸಬೇಕೆಂದು ತಿಳಿಯುತ್ತಿರಲಿಲ್ಲ.

ಜಡೆ ಅರ್ಧಕ್ಕೇ ನಿಂತಿತು. ಎಂಜಿನ್ ಏಳದೆ ಶಾಲೆಯೂ ಶುರುವಾಗುವುದಿಲ್ಲ, ಮೇಷ್ಟ್ರು ಮಕ್ಕಳನ್ನು ಏನೂ ಕೇಳುವಂತಿಲ್ಲವಲ್ಲ. ಆದ್ದರಿಂದ ಚಂಪಿಯನ್ನು ಕರೆದುಕೊಂಡೇ ಹೊರಟೆ. ಒಂದು ಕಡೆ ಬಿಗಿದ ಜಡೆ, ಇನ್ನೊಂದು ಕಡೆ ಬಿಚ್ಚು ಕೂದಲು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಡೆದಳು. ಇನ್ನೊಂದು ಕೈ ಹಿಡಿಯಲು ಹೋದೆ. "ಚಪ್ಪಲಿ ಸರಿ ಮಾಡ್ಕೋಬೇಕು," ಎಂದು ಬಗ್ಗಿದಳು.

ಕೇಳುಮನೆಯ ಮುಂದೆ ಜಾತ್ರೆಯಂತೆ ಜನ. ಮದುವೆಗೆ ಒಪ್ಪಿಗೆ ಕೇಳಬೇಕಾದ ಹುಡುಗನೊಬ್ಬ ಇಸ್ತ್ರಿ ಅಂಗಿ ಮುದುರೀತೆಂದು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ನಿಂತಿದ್ದ. ಮೆಟ್ಟಿಲ ಮೇಲೆ ಸಾವಂತ್ರಮ್ಮ ಒಬ್ಬ ಮುದುಕನನ್ನು ಕೂರಿಸಿಕೊಂಡು ಹೊಟ್ಟೆ ಒತ್ತುತ್ತಿದ್ದರು. ಆಸ್ಪತ್ರೆಯ ಪರದೆಯೂ ಸತ್ತಿತ್ತು.

"ನೋವು ಎಡಗಡೆ ಅಂತ ಇಟ್ಕೊಳ್ಳೋಣ," ಅಂದರು.

"ಇಟ್ಕೋಬೇಡಿ," ಅಂದ ಮುದುಕ.

"ಬಲಗಡೆ ಅಂತ ಇಟ್ಕೊಳ್ಳೋಣ."

"ಅದೂ ಬೇಡ."

"ಹಾಗಾದ್ರೆ ಸೊಸೆ ಮಾಡಿದ ಉಪ್ಪಿಟ್ಟು ತಿನ್ನಕ್ಕೆ ಇಷ್ಟ ಇಲ್ಲ ಅಂತ ಇಟ್ಕೊಳ್ಳೋಣ."

ಜನ ನಕ್ಕರು. ಮುದುಕನೂ ನಕ್ಕ, ನಗುತ್ತಲೇ ನೋವು ತಡೆಯದೆ ಹೊಟ್ಟೆ ಹಿಡಿದುಕೊಂಡ. ಸಾವಂತ್ರಮ್ಮ ನನ್ನನ್ನು ನೋಡಿ ನಗು ನಿಲ್ಲಿಸಿದರು. "ಬೇಗ ಎಬ್ಬಿಸವ್ವ. ಇವರ ನೋವು ತಮಾಷೆಯದಲ್ಲ. ಹೀಗೇ ಊಹೆ ಮಾಡ್ಕೊಂಡು ನಾನು ಔಷಧಿ ಕೊಡೋ ಹಾಗಿಲ್ಲ."

ಒಳಕೋಣೆಯಲ್ಲಿ ಕಂಪ್ಯೂಟರಿನ ನೆತ್ತಿಗೆ ವಿಭೂತಿ ಬಳಿದಿತ್ತು. ಬೋರಲಿಂಗಯ್ಯನವರು ಬೇರೆ ಕಡೆ ನೋಡಿದರು. "ನನ್ನ ಕೈಲಾದದ್ದೆಲ್ಲ ಮಾಡಿದೀನಿ," ಅಂದರು. ನಾನು ಸೆರಗಿನಿಂದ ಒರೆಸಿ ಕೂತೆ. ಚಂಪಿ ಮೂಲೆಯಲ್ಲಿದ್ದ ಕಾಗದದ ಡಬ್ಬದ ಮೇಲೆ ಹತ್ತಿ ಕೂತು ಕಾಲು ಅಲ್ಲಾಡಿಸತೊಡಗಿದಳು.

ಎಬ್ಬಿಸುವ ಆಜ್ಞೆ ಕೊಟ್ಟೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು, ಆಮೇಲೆ ಕೆಂಪು ಅಕ್ಷರಗಳು ಪುಟಗಟ್ಟಲೆ ಸುರಿದು ನಿಂತವು. ಅವರು ಹೇಳಿದ ಹಾಗೇ ಎದ್ದ ಹಾಗೆ ಮಾಡಿ ಬಿತ್ತು. ನಾನು ಮೊದಲು ಸುಲಭದ್ದನ್ನು ನೋಡಿಕೊಂಡೆ. ಜಾವಾ ಎಲ್ಲಿದೆ ಎಂದು ಎಂಜಿನ್ನಿಗೆ ತಿಳಿಸುವ ದಾರಿ ತಪ್ಪಿದ್ದರೆ ಹೀಗಾಗುವುದುಂಟು, ಅದು ಸರಿಯಿತ್ತು. ಡಿಸ್ಕ್ ತುಂಬಿದ್ದರೆ ಆಗುವುದುಂಟು, ಜಾಗ ಬೇಕಾದಷ್ಟಿತ್ತು. ನಾನಿಲ್ಲದಾಗ ಯಾರಾದರೂ ಸೆಟ್ಟಿಂಗ್ ಕಡತಕ್ಕೆ ಕೈ ಹಾಕಿದ್ದರೆ ಆಗುವುದುಂಟು.

"ನಾನು ಬಟನ್ ಒತ್ತೋನು ಅಷ್ಟೆ, ಅದರ ಕರುಳಿಗೆಲ್ಲ ಕೈ ಹಾಕಲ್ಲ ತಾಯಿ," ಅಂದರು ಬೋರಲಿಂಗಯ್ಯನವರು. ಕಡತವೂ ಹಾಗೇ ಇತ್ತು.

ಉಳಿದದ್ದು ಆ ಕೆಂಪು ಅಕ್ಷರಗಳನ್ನು ಕೂತು ಓದುವುದು. ಅವಸರದಲ್ಲಿ ಎಲ್ಲರೂ ಕೊನೆಯ ಸಾಲನ್ನು ಓದುತ್ತಾರೆ. ಅಲ್ಲಿ ಇದು ಸಿಗಲಿಲ್ಲ, ಅದು ತೆರೆಯಲಿಲ್ಲ ಎಂದು ಬೇಕಾದಷ್ಟು ದೂರು ಇರುತ್ತದೆ. ಅಳುವ ಮಗುವನ್ನು ಸಾಕಿದವರಿಗೆ ಇದು ಗೊತ್ತು. ಬಿಕ್ಕುತ್ತ ಕೊನೆಗೆ ಹೇಳುವುದು ಪೆನ್ಸಿಲ್ ಮುರಿದ ಕತೆ. ಅದಕ್ಕೂ ಮೊದಲು, ಬಾಗಿಲಿಗೆ ಬರುವಾಗ ಗೊಣಗಿದ ಒಂದು ಮಾತಿನಲ್ಲಿ ನಿಜವಾದ ನೋವು ಇರುತ್ತದೆ. ನಾನು ಸಾಲುಗಳನ್ನು ಮೇಲಕ್ಕೆ ಸರಿಸುತ್ತ ಸರಿಸುತ್ತ ಮೊದಲನೆಯ ದೂರಿಗೆ ಬಂದೆ. ಎಂಜಿನ್ ಕೂರಬೇಕಾದ ಬಾಗಿಲಲ್ಲಿ ಆಗಲೇ ಯಾರೋ ಕೂತಿದ್ದಾರೆ ಎಂದಿತ್ತು.

ಎಂಜಿನ್ನಿಗೆ ಒಂದು ಪೋರ್ಟ್ ಇರುತ್ತದೆ, ಊರಿನ ಪ್ರಶ್ನೆಗಳೆಲ್ಲ ಒಳಗೆ ಬರುವ ಬಾಗಿಲು. ಅದರಲ್ಲಿ ಒಮ್ಮೆಗೆ ಒಬ್ಬರೇ ಕೂರಬಹುದು. ಅಲ್ಲಿ ಕೂತಿರುವವರು ಯಾರೆಂದು ನೋಡಿದೆ. ನಮ್ಮ ಎಂಜಿನ್ನೇ. ನಿನ್ನೆ ಬೆಳಿಗ್ಗೆ ಎದ್ದದ್ದು.

"ನಿನ್ನೆಯದು ಮಲಗೇ ಇಲ್ಲ ಬೋರಲಿಂಗಯ್ಯನವರೇ. ಅದು ಬಾಗಿಲು ಬಿಡದೆ ಇವತ್ತಿನದು ಏಳಲ್ಲ."

"ಮಲಗಿಸಿದೆನಲ್ಲಮ್ಮ." ಅವರು ಕೆನ್ನೆ ಕೆರೆದುಕೊಂಡರು. "ಮಲಗಿಸುವಾಗ ಏನೋ ಅಂತು. ಒಬ್ಬರು ಇನ್ನೂ ಕಾಯ್ತಿದಾರೆ ಅಂತ. ಕಾಯೋರು ಕಾದು ಕಾದು ಎದ್ದು ಹೋಗ್ತಾರೆ ಅಂತ ಬೀಗ ಹಾಕ್ಕೊಂಡು ಹೊರಟೆ."

ಮೂಲೆಯಲ್ಲಿ ಕಾಲು ಅಲ್ಲಾಡುವ ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ಚಂಪಿ ಬಿಚ್ಚು ಕೂದಲಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಪರದೆಯನ್ನೇ ನೋಡುತ್ತಿದ್ದಳು.

ಮಲಗು ಎಂದಾಗ ಎಂಜಿನ್ ಹೊಸ ಪ್ರಶ್ನೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಆದರೆ ಒಳಗೆ ಒಂದು ಪ್ರಶ್ನೆ ಉತ್ತರಕ್ಕೆ ಕಾಯುತ್ತಿದ್ದರೂ ಅದನ್ನು ಬಿಟ್ಟು ಹೋಗುವುದಿಲ್ಲ. ಯಾವ ಪ್ರಶ್ನೆಗಳು ಎಲ್ಲೆಲ್ಲಿ ನಿಂತಿವೆ ಎಂದು ತೋರಿಸುವ ಒಂದು ಆಜ್ಞೆ ಇದೆ. ಅದನ್ನು ಕೊಟ್ಟೆ. ಪ್ರಶ್ನೆ ಏನೆಂದು ಅದು ತೋರಿಸುವುದಿಲ್ಲ, ನಾವು ಓದಲೂಬಾರದು. ಯಾವ ಮನೆಯಿಂದ, ಯಾರಿಗೆ, ಯಾತಕ್ಕೆ ಕಾಯುತ್ತಿದೆ, ಅಷ್ಟೇ. ಒಂದೇ ಒಂದು ಸಾಲು ಬಂತು.

ನಮ್ಮ ಮನೆಯಿಂದ. ನಮ್ಮ ಪಾಪುಗೆ. ಹೆಸರು ಪಟ್ಟಿಗೆ ಸೇರುವುದನ್ನು ಕಾಯುತ್ತಿದೆ.

ಆ ಸಾಲನ್ನು ಮತ್ತೆ ಓದಿದೆ. ಹೊರಗೆ ಯಾರೋ ಕೆಮ್ಮುತ್ತಿದ್ದರು. ಹೆಸರು ಸೇರುವವರೆಗೆ ಕಾಯಬೇಕೆಂಬ ಆ ಕಟ್ಟಳೆಯನ್ನು ಎಂಜಿನ್ನಿಗೆ ಬರೆದವಳು ನಾನೇ. ನಮ್ಮೂರಿನಲ್ಲಿ ನಾಮಕರಣದ ಬೆಳಿಗ್ಗೆ ಮನೆಯವರೆಲ್ಲ ಮಗುವಿಗೆ ಒಂದೊಂದು ಪ್ರಶ್ನೆ ಬರೆದು ಹಾಕುವ ವಾಡಿಕೆ. ಮಧ್ಯಾಹ್ನ ಹೆಸರು ಊರಿನ ಪಟ್ಟಿಗೆ ಸೇರಿದ ಕೂಡಲೇ ಆ ಪ್ರಶ್ನೆಗಳು ಮನೆಯ ಪರದೆಗೆ ಬಂದು ಮುಟ್ಟುತ್ತವೆ. ಸೋದರತ್ತೆ ಅವನ್ನು ಮಗುವಿನ ಕಿವಿಯಲ್ಲಿ ಪಿಸುಗುಡುತ್ತಾಳೆ, ಬೇರೆಯವರ ಪ್ರಶ್ನೆಯನ್ನು ಓದಿಹೇಳಿದರೆ ಅದು ಗಾಳಿಯಲ್ಲಿ ನಿಲ್ಲುವುದಿಲ್ಲ. ಮಗು ಆಕಳಿಸಿದರೆ ಅದೇ ಉತ್ತರ. ಮೊದಲೆಲ್ಲ ಹೆಸರು ಸೇರುವ ಮುಂಚೆ ಹಾಕಿದ ಪ್ರಶ್ನೆಗಳನ್ನು ಎಂಜಿನ್ ಎಸೆದುಬಿಡುತ್ತಿತ್ತು, ಅಜ್ಜಿಯಂದಿರು ಬೈಯುತ್ತಿದ್ದರು. ನನಗೆ ಐದು ತಿಂಗಳು ತುಂಬಿದ್ದಾಗ ಕೂತು ಅದನ್ನು ಸರಿ ಮಾಡಿದೆ. ಹೆಸರು ಸೇರುವವರೆಗೆ ಕಾಯಲಿ ಎಂದು ಬರೆದೆ. ಇಷ್ಟು ಹೊತ್ತು ಕಾದು ಸಾಕು ಮಾಡು ಎಂದು ಒಂದು ಮಿತಿ ಹಾಕಬೇಕಿತ್ತು. ಹೊಸಬರೂ ಹಾಕುತ್ತಾರೆ. ಹೊಟ್ಟೆಯೊಳಗೆ ಕಾಲು ಒದೆಯುತ್ತಿರುವಾಗ ಮಿತಿ ಹೊಳೆಯುವುದಿಲ್ಲ.

ಪಕ್ಕದ ಮನೆಯ ನಾಮಕರಣದಲ್ಲಿ ಚಂಪಿಯೂ ಒಂದು ಪ್ರಶ್ನೆ ಬರೆದು ಹಾಕಿದ್ದಳು. ಅಲ್ಲಿ ಕಲಿತದ್ದನ್ನು ನಿನ್ನೆ ಸಂಜೆ ಮನೆಯಲ್ಲಿ ಒಬ್ಬಳೇ ಕೂತು ಮಾಡಿದ್ದಾಳೆ. ಅಮ್ಮನನ್ನು ಕೇಳಬೇಡ ಎಂದು ಅಪ್ಪ ಹೇಳಿದ್ದ. ಪಾಪುವನ್ನು ಕೇಳಬೇಡ ಎಂದಿರಲಿಲ್ಲ. ಊಟಕ್ಕೆ ಕರೆದರೂ ಪರದೆಯ ಮುಂದಿಂದ ಅವಳು ಏಳದೇ ಇದ್ದದ್ದು ಈಗ ನೆನಪಾಯಿತು. ಕಣ್ಣು ಹಾಳಾಗುತ್ತೆ ಎಂದು ನಾನೇ ಗದರಿ ಎಬ್ಬಿಸಿದ್ದೆ.

ಬೋರಲಿಂಗಯ್ಯನವರು ನನ್ನ ಭುಜದ ಮೇಲಿಂದ ಆ ಸಾಲನ್ನು ಓದಿದರು. ಆಮೇಲೆ ಅವರ ದನಿ ಬಹಳ ಸಣ್ಣದಾಯಿತು. "ಒಂದು ಕೆಲಸ ಮಾಡಬಹುದು ಕಣಮ್ಮ. ಪಟ್ಟಿಗೆ ಒಂದು ಹೆಸರು ಸೇರಿಸಿಬಿಡು. ಪ್ರಶ್ನೆ ಹೋಗಿ ಮುಟ್ಟುತ್ತೆ, ಎಂಜಿನ್ ತಾನೇ ಮಲಗುತ್ತೆ. ಸಂಜೆ ತೆಗೆದರಾಯಿತು. ಉತ್ತರಾನೂ ನೀನೇ ಬರೆದು ಕಳಿಸಬಹುದು. ಮಗೂಗೆ ಸಮಾಧಾನ."

ಅದು ಕೆಟ್ಟ ಮಾತಾಗಿರಲಿಲ್ಲ. ನಾನು ಪಟ್ಟಿ ತೆರೆದೆ ಕೂಡ. ಊರಿನ ಅಷ್ಟೂ ಹೆಸರುಗಳ ಕೆಳಗೆ ಒಂದು ಖಾಲಿ ಸಾಲು, ಮಿನುಗುವ ಗೆರೆ. ಒಂದು ಹೆಸರು ಇಟ್ಟುಕೊಂಡಿದ್ದೆ, ಮಾದೇಶನಿಗೂ ಹೇಳಿರಲಿಲ್ಲ. ಬೆರಳು ಅದರ ಮೊದಲ ಅಕ್ಷರದ ಮೇಲೆ ಹೋಗಿ ನಿಂತಿತು. ಚೆಂದದ ಉತ್ತರವೊಂದನ್ನು ಬರೆಯಬಲ್ಲೆ. ಅಕ್ಕ, ನಾನು ಚೆನ್ನಾಗಿದ್ದೇನೆ ಎಂದು. ಚಂಪಿ ಅದನ್ನು ಓದುತ್ತಾಳೆ. ನಾಳೆ ಇನ್ನೊಂದು ಕೇಳುತ್ತಾಳೆ. ನಾಡಿದ್ದು ಮತ್ತೊಂದು. ನಾನು ಬಟ್ಟೆ ಒಗೆಯುತ್ತ, ಸೊಪ್ಪು ಸೋಸುತ್ತ, ಇಲ್ಲದ ಮಗುವಿನ ಬಾಯಲ್ಲಿ ನನ್ನ ಮಗಳೊಡನೆ ಮಾತಾಡುತ್ತಿರುತ್ತೇನೆ. ಅವಳು ಪರದೆಯ ಹತ್ತಿರ ಸರಿಯುತ್ತ, ನನ್ನಿಂದ ದೂರ.

ಪಟ್ಟಿ ಮುಚ್ಚಿದೆ. ಬೋರಲಿಂಗಯ್ಯನವರು ಹೊರಗೆ ಹೋಗಿ ಕದ ಎಳೆದುಕೊಂಡರು. "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ," ಎಂದು ಅವರು ಜನರಿಗೆ ಹೇಳುವುದು ಕೇಳಿಸಿತು.

"ಚಂಪಿ, ಇಲ್ಲಿ ಬಾ."

ಬಂದಳು. ಒಂದು ಮಾರು ದೂರದಲ್ಲಿ ನಿಂತಳು.

"ನೀನು ಬರೆದಿದ್ದು ಇಲ್ಲೇ ಇದೆ. ನಾನು ಓದಿಲ್ಲ."

"ಓದಬಾರದು," ಅಂದಳು.

"ಇಲ್ಲ, ಓದಲ್ಲ. ಅದು ರಾತ್ರಿಯೆಲ್ಲ ಕಾದಿದೆ ಪಾಪ. ಪಾಪು ಹೆಸರು ಬರಲಿ ಅಂತ." ಮುಂದಿನ ಮಾತನ್ನು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ, ನನಗೂ. "ಹೆಸರು ಬರಲ್ಲ ಮಗಳೇ. ಪಾಪು ಹುಟ್ಟಲಿಲ್ಲ. ಇನ್ನು ಹುಟ್ಟೋದೂ ಇಲ್ಲ. ಎಲ್ಲಿಗೋ ಹೋಗಿದೆ, ಬರುತ್ತೆ ಅಂತ ಅಲ್ಲ. ನೀನು ಎಷ್ಟು ದಿನ ಕಾದರೂ ಆ ಮಾತು ಅದಕ್ಕೆ ಮುಟ್ಟಲ್ಲ."

ಅವಳು ಬಿಚ್ಚು ಕೂದಲನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಳಲಿಲ್ಲ. "ನಂಗೆ ಗೊತ್ತಿತ್ತು," ಅಂದಳು. ಕೂದಲು ಕೈಬಿಟ್ಟು, "ಆದ್ರೂ ಹಾಕಿದೆ," ಅಂದಳು.

"ಈಗ ನಾನು ಇದನ್ನ ಇಳಿಸಬೇಕು. ಹೊರಗೆ ಆ ತಾತಂಗೆ ಹೊಟ್ಟೆನೋವು. ಇಳಿಸಿದರೆ ನೀನು ಬರೆದಿದ್ದು ಹೋಗುತ್ತೆ. ಎಲ್ಲೂ ಉಳಿಯಲ್ಲ. ನಿನಗೆ ಹೇಳದೆ ಮಾಡಬಾರದು ಅಂತ ಕರೆದೆ."

ಏಳು ವರ್ಷದ ಹುಬ್ಬುಗಳ ನಡುವೆ ಅವಳಪ್ಪನದೇ ಗೆರೆ. "ನೀನೇ ಇಳಿಸು. ನಾನು ನೋಡಲ್ಲ," ಎಂದು ಗೋಡೆಯ ಕಡೆ ತಿರುಗಿ ನಿಂತಳು.

ಮೊದಲು ಮೆಲ್ಲಗೆ ಹೇಳಿ ನೋಡಿದೆ, ಹೊರಡು ಎಂದು. ಅದು ಹೊರಡಲಿಲ್ಲ. ಹಾಗೆ ಹೊರಡದಿದ್ದಾಗ ಕೊಡುವ ಒಂದು ಗಡಸು ಆಜ್ಞೆ ಇದೆ. ಕಿಲ್ ಎಂದೇ ಅದರ ಹೆಸರು. ನಮ್ಮ ಕೆಲಸದಲ್ಲಿ ನಕ್ಕು ಮಾತಾಡುತ್ತ ದಿನಾ ಬಳಸುವ ಪದ. ಅವತ್ತು ಆ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತಬೇಕಾಯಿತು. ಒತ್ತಿದೆ. ನಮ್ಮ ಮನೆಯಿಂದ ನಮ್ಮ ಪಾಪುಗೆ ಎಂಬ ಸಾಲು ಪರದೆಯಲ್ಲಿ ಇನ್ನಿರಲಿಲ್ಲ. ಬಾಗಿಲು ಖಾಲಿಯಾಗಿತ್ತು.

ಕಾಯುವುದಕ್ಕೆ ಒಂದು ಮಿತಿ ಹಾಕಿದೆ. ಆಮೇಲೆ ಎಂಜಿನ್ ಎಬ್ಬಿಸಿದೆ. ಸಾಲುಗಳು ಓಡಿದವು. ಕೆಂಪು ಬರಲಿಲ್ಲ. ಎದ್ದಿತು. ಹೊರಗೆ ಒಂದು ಹೋ ಎಂಬ ಸದ್ದು, ಬೆಂಚು ಎಳೆದ ಸದ್ದು, "ಸಾಲು, ಸಾಲು, ಇಸ್ತ್ರಿ ಅಂಗಿ ಹಿಂದಕ್ಕೆ, ಮೊದಲು ಹೊಟ್ಟೆನೋವು!" ಎಂದು ಬೋರಲಿಂಗಯ್ಯನವರ ಕೂಗು. ಹತ್ತಿರದ ಪರದೆಗೆ ಸಾವಂತ್ರಮ್ಮ ಮುದುಕನನ್ನು ನಡೆಸಿಕೊಂಡು ಹೋದರು. ಸ್ವಲ್ಪದರಲ್ಲೇ, "ಮೂರು ದಿನದಿಂದ ಅಂತೆ! ಬೆನ್ನಿಗೂ ಹೋಗುತ್ತಂತೆ! ಗಾಡಿ ತನ್ನಿ," ಎಂದು ಅವರು ಕೂಗಿದ್ದು ಕೇಳಿಸಿತು.

ನಾನು ಚಂಪಿಯನ್ನು ಹಿತ್ತಿಲ ಬಾಗಿಲಿನಿಂದ ಹೊರಗೆ ಕರೆದುಕೊಂಡು ಬಂದೆ. ಅಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಬೋರಲಿಂಗಯ್ಯನವರು ಹಾಕಿದ ಕೊತ್ತಂಬರಿ ಮಡಿ ಇದೆ. ಮೇಲಿನ ಮೆಟ್ಟಿಲಲ್ಲಿ ಕೂತೆ. ಅವಳು ಕೆಳಗೆ ಕೂತಳು, ಬೆನ್ನು ನನ್ನ ಕಡೆ. ಅಷ್ಟು ದಿನದಿಂದ ಜಡೆ ಹಾಕುವಾಗ ಮಾತ್ರ ಅವಳು ನನಗೆ ಅಷ್ಟು ಹತ್ತಿರ ಬರುತ್ತಿದ್ದಳು. ಕೂದಲನ್ನು ಮತ್ತೆ ಮೂರೆಳೆ ಮಾಡಿದೆ. ಹೊರಡುವಾಗ ಸಿಕ್ಕಿಸಿಕೊಂಡಿದ್ದ ರಿಬ್ಬನ್ನು ನನ್ನ ಸೊಂಟದಲ್ಲೇ ಇತ್ತು.

"ಎಂಜಿನ್ ಎದ್ದಿದೆ," ಅಂದೆ. "ಪಾಪುನ ಕೇಳೋಕೆ ಆಗಲ್ಲ. ಆದರೆ ನನ್ನನ್ನ ಕೇಳಬಹುದು. ಅಪ್ಪ ಬೇಡ ಅಂದಿದ್ದು ನಾನು ಮಲಗಿದ್ದಾಗ. ಈಗ ಎದ್ದಿದೀನಿ. ಮನೆಗೆ ಹೋಗಿ ಪರದೆಯಲ್ಲಿ ಬರೆದು ಹಾಕು, ಉತ್ತರ ಕಳಿಸ್ತೀನಿ."

ಅವಳು ತಲೆ ಅಲ್ಲಾಡಿಸಿದಳು. ಎಳೆ ಕೈಯಿಂದ ಜಾರಿತು.

"ಪರದೆಯಲ್ಲಿ ಬೇಡ."

ಜಾರಿದ ಎಳೆಯನ್ನು ಮತ್ತೆ ಹಿಡಿದೆ.

"ಅದರಲ್ಲಿ ಹಾಕಿದ್ರೆ ನೀನು ಸುಳ್ಳು ಹೇಳಿದ್ರೂ ಹೊರಟುಹೋಗುತ್ತೆ," ಅಂದಳು. "ನಂಗೆ ಬೇಜಾರಾಗಬಾರದು ಅಂತ ನೀನು ಹೇಳಿಬಿಡ್ತೀಯ. ಬಾಯಲ್ಲಿ ಕೇಳಿದ್ರೆ ಗೊತ್ತಾಗುತ್ತೆ. ನಿಜ ಅಲ್ಲದಿದ್ರೆ ಹೋಗಲ್ಲ."

ನನ್ನ ಕೈಗಳು ಅವಳ ಕೂದಲಲ್ಲೇ ನಿಂತವು. ಇಷ್ಟು ದಿನ ನಮ್ಮ ಮೌನವೆಲ್ಲ ಅವಳನ್ನು ನೋಯಿಸದಿರಲೆಂದು, ನನ್ನನ್ನು ನೋಯಿಸದಿರಲೆಂದು. ಅವಳಿಗೆ ಬೇಕಾಗಿದ್ದದ್ದು ಕರಗುತ್ತದೋ ಇಲ್ಲವೋ ಎಂದು ಕೈಯಿಟ್ಟು ನೋಡಬಹುದಾದ ಒಂದು ಉತ್ತರ.

"ಆಯಿತು," ಅಂದೆ. "ಬಾಯಲ್ಲೇ ಕೇಳು. ಇಲ್ಲೇ."

ಹಿತ್ತಿಲ ಬಾಗಿಲಿಗೆ ಸಾವಂತ್ರಮ್ಮ ಬಂದಿದ್ದರು, ಮುದುಕನನ್ನು ಗಾಡಿ ಹತ್ತಿಸಿ ಹೇಳಿ ಹೋಗಲು ಬಂದದ್ದಿರಬೇಕು. ಕೊನೆಯ ಮಾತು ಅವರ ಕಿವಿಗೆ ಬಿತ್ತು. ಒಬ್ಬರು ಬಾಯಿಬಿಟ್ಟು ಕೇಳುವುದಿದ್ದರೆ ಹತ್ತಿರದಲ್ಲಿದ್ದವರು ಬೆನ್ನು ಮಾಡಿ ನಿಲ್ಲುವುದು ನಮ್ಮೂರಿನ ರೀತಿ. ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು ಬೆನ್ನು ತಿರುಗಿಸಿದರು. ಆದರೆ ಹೋಗಲಿಲ್ಲ, ಬಾಗಿಲಿಗೆ ಅಡ್ಡವಾಗಿ, ಬೇರೆ ಯಾರೂ ಬಾರದ ಹಾಗೆ ನಿಂತರು.

ಜಡೆಯ ತುದಿಗೆ ಬಂದಿದ್ದೆ. ರಿಬ್ಬನ್ ಸುತ್ತಿ, ಗಂಟು ಹಾಕಿ, ಹೂವಿನ ಹಾಗೆ ಬಿಡಿಸಿದೆ. ಕೆಲಸ ಮುಗಿದಿತ್ತು. ಎದ್ದು ಓಡಬಹುದಿತ್ತು. ಅವಳು ಓಡಲಿಲ್ಲ. ಕೂತಲ್ಲಿಂದಲೇ ಮೆಲ್ಲಗೆ ನನ್ನ ಕಡೆ ತಿರುಗಿದಳು. ನಾನು ಮೇಲಿನ ಮೆಟ್ಟಿಲಲ್ಲಿ, ಅವಳು ಕೆಳಗಿನದರಲ್ಲಿ. ಅವಳ ಬಾಯಿ ಸರಿಯಾಗಿ ನನ್ನ ಹೊಟ್ಟೆಯ ಎತ್ತರಕ್ಕೆ ಬಂತು. ಉಸಿರು ಎಳೆದುಕೊಂಡಳು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿ ಇಟ್ಟುಕೊಂಡೆ, ಏನೋ ಬೀಳುತ್ತದೆ, ಹಿಡಿಯಬೇಕು ಎನ್ನುವ ಹಾಗೆ.

"ಅಮ್ಮಾ," ಅಂದಳು, "ಅವತ್ತು ಪೇಟೆಯಿಂದ ಬರುವಾಗ ನಾನು ಎತ್ಕೊ ಎತ್ಕೊ ಅಂತ ಹಟ ಮಾಡಿದ್ದಕ್ಕಾ ಪಾಪು ಹೋಗಿದ್ದು?"